ನೆಲಮಾಳಿಗೆಯ ಥಂಡಿ, ತೇವ ಮತ್ತು ಗ್ಯಾಸ್ ಬಿಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಿಟಕಿಗಳ ಬಗ್ಗೆ ಬರೆದ ಕಳೆದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಸ್‌ಮೆಂಟ್ ಕುರಿತಾಗಿವೆ. ಅಮೆರಿಕದ ಉತ್ತರ ಭಾಗಕ್ಕೋ ಕೆನಡಾಕ್ಕೋ ಬಂದು ಮನೆ ಕೊಂಡ ಕನ್ನಡಿಗರಿಗೆ ಅತಿ ಅಪರಿಚಿತವಾದ ಭಾಗವೂ ಅದೇ. ಇಲ್ಲಿ ಚಳಿಗಾಲಕ್ಕೆ ಮಣ್ಣು ಅಡಿಗಟ್ಟಲೆ ಹೆಪ್ಪುಗಟ್ಟಿ ಉಬ್ಬುತ್ತದೆ. ಅಡಿಪಾಯ ಆ ಮಟ್ಟಕ್ಕಿಂತ ಕೆಳಗಿರದಿದ್ದರೆ ಮನೆಯನ್ನೇ ಎತ್ತಿಬಿಡುತ್ತದೆ. ನಾನಿರುವ ಮಿನಿಯಾಪೊಲಿಸ್ ಸುತ್ತಮುತ್ತ ಅಡಿಪಾಯ ಕನಿಷ್ಠ 42 ಇಂಚು, ಮಿನ್ನೆಸೋಟಾದ ಉತ್ತರ ಭಾಗದಲ್ಲಿ 60 ಇಂಚು ಆಳಕ್ಕೆ ಇಳಿದಿರಬೇಕು. ಹೇಗೂ ಅಷ್ಟು ಅಗೆಯುತ್ತೇವೆ, ಇನ್ನು ಮೂರು ನಾಲ್ಕಡಿ ಅಗೆದರೆ ಒಂದು ಅಂತಸ್ತೇ ಸಿಗುತ್ತದೆ ಎಂಬ ಲೆಕ್ಕಾಚಾರದಿಂದ ಹುಟ್ಟಿದ್ದು ಬೇಸ್‌ಮೆಂಟ್. ಮನೆಗಳ ಶಕ್ತಿ ತಪಾಸಣೆ ನನ್ನ ಉದ್ಯೋಗ. ತಪಾಸಣೆಗೆ ಹೋದ ಮನೆಯಲ್ಲಿ ನಾನು ಮೊದಲು ಇಳಿಯುವುದು ಅಲ್ಲಿಗೇ.

ಪ್ರಶ್ನೆ: ನಮ್ಮ ಮನೆ 1987ರಲ್ಲಿ ಕಟ್ಟಿದ್ದು. ಬೇಸ್‌ಮೆಂಟ್‌ನಲ್ಲಿ ಬರಿಯ ಕಾಂಕ್ರೀಟ್ ಗೋಡೆ, ಎಂಟಡಿ ಎತ್ತರ. ಅಲ್ಲಿ ಒಂದು ಕೋಣೆ ಮತ್ತು ಮಗಳ ವೀಣೆ ಅಭ್ಯಾಸಕ್ಕೆ ಜಾಗ ಮಾಡಬೇಕೆಂದಿದ್ದೇವೆ. ಗೋಡೆಗೆ ತಾಗಿಸಿ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಫೈಬರ್‌ಗ್ಲಾಸ್ ತುಂಬಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದು, ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಹಾಕಿಕೊಡುವುದಾಗಿ ಗುತ್ತಿಗೆದಾರರು ಹೇಳುತ್ತಾರೆ. ಉಳಿದವರಿಗಿಂತ ಬೆಲೆಯೂ ಕಡಿಮೆ. ಒಪ್ಪಬಹುದೇ?
ಓದುಗರು, ನೇಪರ್‌ವಿಲ್, ಇಲಿನಾಯ್

ಉತ್ತರ: ಒಪ್ಪಬೇಡಿ. ಬೆಲೆ ಕಡಿಮೆ ಇರುವುದಕ್ಕೆ ಕಾರಣವಿದೆ, ಅದು ಗೋಡೆಯ ಹಿಂದೆ ನಿಮಗೆ ಕಾಣದ ಜಾಗದಲ್ಲಿದೆ.

ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆಯ ಮಾತು ಆಮೇಲೆ. ಮೊದಲು ಒಂದು ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಯ ಸುತ್ತ ಬನ್ನಿ. ಮಾಡಿನ ದೋಣಿಯಿಂದ ಇಳಿಯುವ ಪೈಪು ನೀರನ್ನು ಗೋಡೆಯ ಬುಡಕ್ಕೇ ಸುರಿಯುತ್ತಿದೆಯೇ? ಹಾಗಿದ್ದರೆ ಪೈಪಿಗೆ ತುಂಡು ಸೇರಿಸಿ ಕನಿಷ್ಠ ಆರಡಿ ದೂರ ಒಯ್ಯಿರಿ. ಮಣ್ಣು ಗೋಡೆಯ ಕಡೆಗೆ ವಾಲಿದೆಯೇ? ಮೊದಲ ಹತ್ತಡಿಯಲ್ಲಿ ಆರು ಇಂಚಾದರೂ ಇಳಿಜಾರು ಹೊರಗಡೆಗೆ ಇರಬೇಕು ಎನ್ನುತ್ತದೆ ಅಮೆರಿಕದ ವಸತಿ ಕಟ್ಟಡ ಸಂಹಿತೆ. ಮೂವತ್ತೈದು ವರ್ಷ ದಾಟಿದ ಮನೆಗಳಲ್ಲಿ ಅಡಿಪಾಯದ ಪಕ್ಕದ ಮಣ್ಣು ಕುಸಿದು ಇಳಿಜಾರು ತಿರುಗುಮುರುಗಾಗಿರುವುದು ತೀರಾ ಸಾಮಾನ್ಯ. ಕೆಲವು ಗಾಡಿ ಮಣ್ಣು, ಒಂದೆರಡು ಪೈಪು: ಇಷ್ಟರಿಂದಲೇ ಒಣಗಿದ ಬೇಸ್‌ಮೆಂಟ್‌ಗಳನ್ನು ನಾನು ಬಹಳ ಕಂಡಿದ್ದೇನೆ. ಅದಕ್ಕೆ ಮೊದಲು ಆ ಮನೆಗಳ ಒಡೆಯರಿಗೆ ಯಾರೋ ಸಾವಿರಾರು ಡಾಲರ್‌ಗಳ ಜಲನಿರೋಧಕ ಯೋಜನೆ ಮಾರಲು ಬಂದಿರುತ್ತಾರೆ ಎನ್ನುವುದು ಬೇರೆ ಮಾತು.

ಒಳಗೆ ಬಂದು ಗೋಡೆಯ ಬುಡ ನೋಡಿ. ಬಿಳಿ ಉಪ್ಪಿನಂಥ ಪುಡಿ ಕಂಡರೆ ಅಲ್ಲಿ ನೀರು ಹಾದು ಆರಿದೆ ಎಂದರ್ಥ. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ತುಂಡೊಂದನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚುವಂತೆ ಟೇಪ್ ಮಾಡಿ ಕೆಲವು ದಿನ ಬಿಡಿ. ಹನಿಗಳು ಗೋಡೆಯ ಬದಿಗೆ ಕಟ್ಟಿದರೆ ತೇವ ಮಣ್ಣಿನಿಂದ ಬರುತ್ತಿದೆ. ಕೋಣೆಯ ಬದಿಗೆ ಕಟ್ಟಿದರೆ ನಿಮ್ಮ ಮನೆಯ ಗಾಳಿಯದೇ ತೇವ. ನೆಲದ ಗುಂಡಿಯಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್ ಇದ್ದರೆ ಅದಕ್ಕೆ ಬ್ಯಾಟರಿಯ ಬೆಂಬಲ ಬೇಕು. ಪಂಪ್‌ಗೆ ಅತಿ ಹೆಚ್ಚು ಕೆಲಸವಿರುವ ರಾತ್ರಿಯೇ ಗಾಳಿಮಳೆಗೆ ಕರೆಂಟ್ ಹೋಗುತ್ತದೆ.

ಈಗ ಆ ಫೈಬರ್‌ಗ್ಲಾಸ್ ವಿಚಾರ. ಗಾಜಿನೆಳೆಯ ಆ ಹೊದಿಕೆ ಶಾಖವನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಕೋಣೆಯ ಗಾಳಿ ಸಂದುಗಳಿಂದ ಅದರೊಳಗೆ ನುಸುಳಿ ತಣ್ಣನೆಯ ಕಾಂಕ್ರೀಟನ್ನು ಮುಟ್ಟುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆ ಗೋಡೆ ಬೆವರುತ್ತದೆ. ಚಳಿಗಾಲದಲ್ಲಿ ಮಣ್ಣಿನಿಂದ ಮೇಲಿರುವ ಭಾಗದಲ್ಲಿ, ಬೇಸಿಗೆಯಲ್ಲಿ ನೆಲದ ಹತ್ತಿರದ ಭಾಗದಲ್ಲಿ. ಜುಲೈ ತಿಂಗಳ ಷಿಕಾಗೊ ಕಡೆಯ ಸೆಕೆ ನಿಮಗೇ ಗೊತ್ತು. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ, 20 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಬೇಕಾದಷ್ಟಿವೆ, ಆದರೆ ಗೋಡೆಯ ಬುಡ ಅದಕ್ಕಿಂತ ಹಲವು ಡಿಗ್ರಿ ತಂಪಾಗಿರುತ್ತದೆ. ಜೊತೆಗೆ ಕಾಂಕ್ರೀಟ್ ಮಣ್ಣಿನ ತೇವವನ್ನು ಹೀರಿ ನಿಧಾನವಾಗಿ ಒಳಗಡೆಗೆ ಬಿಡುತ್ತಲೇ ಇರುತ್ತದೆ. ಹೊರಬದಿಯಲ್ಲಿ ಒದ್ದೆ ಮಣ್ಣು ಇರುವುದರಿಂದ ಅದಕ್ಕೆ ಒಣಗಲು ಇರುವ ದಾರಿ ಒಳಬದಿಯೊಂದೇ. ಆ ದಾರಿಗೆ ಪ್ಲಾಸ್ಟಿಕ್ ಹಾಳೆ ಹೊಡೆದರೆ ನಡುವೆ ಸಿಕ್ಕ ಮರಕ್ಕೂ ಡ್ರೈವಾಲ್‌ನ ಕಾಗದಕ್ಕೂ ಬೂಷ್ಟು ಹಿಡಿಯದೆ ಇನ್ನೇನು ಹಿಡಿಯಬೇಕು? ನೇಪರ್‌ವಿಲ್‌ನಂಥ ಊರಿನ ಬೇಸ್‌ಮೆಂಟ್‌ಗೆ ಈ ಪ್ಲಾಸ್ಟಿಕ್ ಬೇಡ ಎಂದು ಕಟ್ಟಡ ವಿಜ್ಞಾನದ ದೊಡ್ಡ ಹೆಸರಾದ, ಕೆನಡಾ ಮೂಲದ ಎಂಜಿನಿಯರ್ ಜೋಸೆಫ್ ಸ್ಟೀಬುರೆಕ್ ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ನಾನು ಆ ಪಕ್ಷದವಳು.

ಹಾಗಾದರೆ ಏನು ಮಾಡಬೇಕು? ಕಾಂಕ್ರೀಟ್‌ಗೆ ನೇರವಾಗಿ, ಅಂಟು ಬಳಸಿ, ಗಟ್ಟಿ ಫೋಮ್ ಹಲಗೆ ಅಂಟಿಸಿ. ಎಕ್ಸ್‌ಪಿಎಸ್ ಎನ್ನುವ ಬಣ್ಣದ ಹಲಗೆಗೆ ಒಂದು ಇಂಚಿಗೆ ಸುಮಾರು ಆರ್-5 ಶಾಖನಿರೋಧ ಸಿಗುತ್ತದೆ (ಆರ್ ಎನ್ನುವುದು ಶಾಖ ತಡೆಯುವ ಶಕ್ತಿಯ ಅಳತೆ, ಅಂಕಿ ದೊಡ್ಡದಾದಷ್ಟೂ ತಡೆ ಹೆಚ್ಚು). ಬಿಳಿ ಇಪಿಎಸ್‌ಗೆ ಸುಮಾರು ಆರ್-4, ಬೆಲೆಯೂ ಕಡಿಮೆ, ಆವಿಯನ್ನು ಸ್ವಲ್ಪ ಹಾಯಗೊಡುವ ಗುಣವೂ ಇದೆ. ಎರಡು ಇಂಚು ಹಲಗೆ ಹಾಕಿ, ಜೋಡಣೆಗಳಿಗೆಲ್ಲ ಟೇಪ್ ಹಚ್ಚಿ, ಮೇಲೆ ಕೆಳಗೆ ಡಬ್ಬಿ ಫೋಮ್‌ನಿಂದ (ಡಬ್ಬಿಯಿಂದ ಚಿಮ್ಮಿಸಿ ಸಂದು ತುಂಬುವ ನೊರೆ) ಮುಚ್ಚಿ. ಹಲಗೆಯ ಹಿಂದೆ ಕೋಣೆಯ ಗಾಳಿ ಸುಳಿಯಬಾರದು, ಗುಟ್ಟು ಇಷ್ಟೇ. ಅದರ ಮುಂದೆ ಮರದ ಚೌಕಟ್ಟು. ಕೆಳಪಟ್ಟಿ ಮಾತ್ರ ತೇವ ತಾಳುವಂತೆ ಸಂಸ್ಕರಿಸಿದ ಮರವಾಗಿರಲಿ. ಚೌಕಟ್ಟಿನೊಳಗೆ ಕಲ್ಲುಣ್ಣೆ (ರಾಕ್ ವೂಲ್) ತುಂಬಿ, ಪ್ಲಾಸ್ಟಿಕ್ ಬಿಟ್ಟು, ನೇರವಾಗಿ ಡ್ರೈವಾಲ್ ಹೊಡೆಯಿರಿ. ಡ್ರೈವಾಲ್ ನೆಲವನ್ನು ಮುಟ್ಟದೆ ಅರ್ಧ ಇಂಚು ಮೇಲೆ ನಿಲ್ಲಲಿ; ಎಂದಾದರೂ ವಾಟರ್ ಹೀಟರ್ ಸೋರಿದರೆ ಈ ಅರ್ಧ ಇಂಚಿಗೆ ನೀವು ಕೈ ಮುಗಿಯುತ್ತೀರಿ. ನಿಮ್ಮ ಹವಾಮಾನ ವಲಯಕ್ಕೆ ಸಂಹಿತೆ ಕೇಳುವುದು ಎಡೆಬಿಡದ ಹಲಗೆಯಾದರೆ ಆರ್-15, ಚೌಕಟ್ಟಿನ ನಡುವೆ ಮಾತ್ರ ತುಂಬುವುದಾದರೆ ಆರ್-19. ಎರಡು ಇಂಚು ಫೋಮ್ ಮತ್ತು ಕಲ್ಲುಣ್ಣೆ ಸೇರಿದರೆ ಇದನ್ನು ಆರಾಮವಾಗಿ ದಾಟುತ್ತೀರಿ.

ಫೋಮ್ ಹಲಗೆಯನ್ನು ಹಾಗೆಯೇ ಬರಿದಾಗಿ ಬಿಡಬೇಡಿ. ಬೆಂಕಿ ತಗುಲಿದರೆ ಅದರ ಹೊಗೆ ಭಯಂಕರ. ಅರ್ಧ ಇಂಚಿನ ಜಿಪ್ಸಮ್ ಹಲಗೆಯಿಂದ ಮುಚ್ಚುವುದು ನಿಯಮವೂ ಹೌದು. ಸಿಂಪಡಿಸುವ ಫೋಮ್, ಅದರಲ್ಲೂ ಮುಚ್ಚಿದ ಕೋಶಗಳ ಬಗೆಯದು, ಇಂಚಿಗೆ ಆರ್-6ಕ್ಕೂ ಮೇಲೆ ಕೊಡುತ್ತದೆ, ಅಂಕುಡೊಂಕು ಗೋಡೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಖರ್ಚು ಮಾತ್ರ ಜಾಸ್ತಿ. ನಿಮ್ಮ ಗೋಡೆ ನೇರವಾಗಿರುವಾಗ ನಾನಾದರೆ ಆ ದುಡ್ಡನ್ನು ಉಳಿಸಿ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಕೊಳ್ಳುತ್ತಿದ್ದೆ. ನೂರು ವರ್ಷದ ಕಲ್ಲು ಅಥವಾ ಇಟ್ಟಿಗೆಯ ಅಡಿಪಾಯವಿರುವ ಓದುಗರು ಈ ಉತ್ತರವನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಒಳಗಿನ ಬಿಸಿ ಸಿಗದ ಗೋಡೆ ಹೆಪ್ಪುಗಟ್ಟಿ ಸಿಡಿಯುವ ಭಯ ಅಲ್ಲಿದೆ. ತಿಳಿದವರು ನೋಡದೆ ಮುಟ್ಟಬಾರದು.

ವೀಣೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೊರಗೋಡೆಗೆ ಒರಗಿಸಬೇಡಿ. ಆ ಜಾಗದ ಆರ್ದ್ರತೆ ಬೇಸಿಗೆಯಲ್ಲಿ ಏರಿ ಚಳಿಗಾಲದಲ್ಲಿ ಪಾತಾಳಕ್ಕೆ ಇಳಿಯುತ್ತದೆ, ಹಲಸಿನ ಮರ ಸಹಿಸುವುದಿಲ್ಲ.

ಪ್ರಶ್ನೆ: ಬೇಸ್‌ಮೆಂಟ್‌ಗೆ ಇನ್ಸುಲೇಷನ್ ಹಾಕಿದರೆ ಗ್ಯಾಸ್ ಬಿಲ್ ನಿಜವಾಗಿ ಇಳಿಯುತ್ತದೆಯೇ? ಮಣ್ಣಿನೊಳಗಿರುವ ಗೋಡೆ ಹೇಗೂ ಬೆಚ್ಚಗಿರುತ್ತದೆಯಲ್ಲವೇ? ನಾನು ಲೆಕ್ಕಪರಿಶೋಧಕ, ಅಂಕಿಗಳಲ್ಲಿ ಹೇಳಿ.
ಓದುಗರು, ಈಡನ್ ಪ್ರೇರಿ, ಮಿನ್ನೆಸೋಟಾ

ಉತ್ತರ: ಅಂಕಿಗಳಲ್ಲೇ ಹೇಳೋಣ. ನಿಮ್ಮ ಅಡಿಪಾಯದ ಸುತ್ತಳತೆ 140 ಅಡಿ ಎಂದುಕೊಳ್ಳಿ, ಮಣ್ಣಿನಿಂದ ಮೇಲೆ ಎರಡಡಿ ಕಾಂಕ್ರೀಟ್ ಹೊರಗಿದೆ ಎಂದುಕೊಳ್ಳಿ. ಅಷ್ಟಕ್ಕೆ 280 ಚದರಡಿ, ಅಂದರೆ 26 ಚದರ ಮೀಟರ್. ಎಂಟು ಇಂಚು ದಪ್ಪದ ಕಾಂಕ್ರೀಟ್ ಕೋಟೆಯಂತೆ ಕಂಡರೂ ಎರಡೂ ಬದಿಯ ಗಾಳಿಪದರ ಸೇರಿಸಿ ಅದರ ಶಾಖನಿರೋಧ ಆರ್-1.5ರ ಆಸುಪಾಸು ಮಾತ್ರ. ಒಳಗೆ 18 ಡಿಗ್ರಿ, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇರುವ ದಿನ ಆ ಎರಡಡಿ ಪಟ್ಟಿಯೊಂದರಿಂದಲೇ ಸುಮಾರು 2,800 ವಾಟ್ ಶಾಖ ಹೊರಗೆ ಹೋಗುತ್ತಿರುತ್ತದೆ. ಗೋಡೆಗೆ ತಗುಲಿಸುವ 1,500 ವಾಟ್‌ನ ಹೀಟರ್ ಎರಡನ್ನು ಅಂಗಳದಲ್ಲಿ ಹಗಲೂ ರಾತ್ರಿ ಉರಿಸಿದ ಹಾಗೆಯೇ. ಆರ್-15 ಸೇರಿಸಿ ಅದೇ ಲೆಕ್ಕ ಮಾಡಿ: 250 ವಾಟ್. ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಎಂದರೆ ಜನವರಿಯ ಸಾಧಾರಣ ದಿನ, ಕೆಟ್ಟ ದಿನವಲ್ಲ.

ಮಣ್ಣಿನೊಳಗಿನ ಭಾಗದ ಬಗ್ಗೆ ನಿಮ್ಮ ಊಹೆ ಅರ್ಧ ಸರಿ. ಆಳದ ಮಣ್ಣು ಆ ಊರಿನ ವರ್ಷದ ಸರಾಸರಿ ಉಷ್ಣತೆಯ ಹತ್ತಿರ ನಿಂತಿರುತ್ತದೆ. ನಮ್ಮ ಊರಿಗೆ ಅದು ಎಂಟು ಡಿಗ್ರಿಯ ಆಸುಪಾಸು. ಹೊರಗಿನ ಗಾಳಿಗಿಂತ ಬೆಚ್ಚಗೆ ನಿಜ, ನಿಮ್ಮ ಕೋಣೆಗಿಂತ ತಣ್ಣಗೆ. ಆದ್ದರಿಂದ ಅಲ್ಲಿ ನಷ್ಟ ನಿಧಾನ, ಆದರೆ ವರ್ಷದ ಹೆಚ್ಚಿನ ತಿಂಗಳು ನಿಲ್ಲದ ನಷ್ಟ.

ಆದರೆ ಗೋಡೆಗಿಂತ ಮೊದಲು ನೀವು ದುಡ್ಡು ಹಾಕಬೇಕಾದ ಜಾಗ ಬೇರೆ ಇದೆ, ತೀರಾ ಕಡಿಮೆ ದುಡ್ಡು. ಕಾಂಕ್ರೀಟ್ ಗೋಡೆ ಮುಗಿದು ಮೇಲಿನ ಮಹಡಿಯ ತೊಲೆಗಳು ಕುಳಿತುಕೊಳ್ಳುವ ಅಂಚಿಗೆ ರಿಮ್ ಜಾಯಿಸ್ಟ್ ಎನ್ನುತ್ತಾರೆ. ಮನೆ ಸುತ್ತಲೂ ಓಡುವ ಈ ಅಂಚಿನಲ್ಲಿ ಹೊರಗಿನ ಚಳಿಗೂ ನಿಮಗೂ ನಡುವೆ ಇರುವುದು ಒಂದೂವರೆ ಇಂಚು ಮರ ಮತ್ತು ಲೆಕ್ಕವಿಲ್ಲದಷ್ಟು ಸಂದು. ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋಗುತ್ತದೆ, ಅದರ ಜಾಗ ತುಂಬಲು ತಣ್ಣನೆಯ ಗಾಳಿ ಕೆಳಗಿನಿಂದ, ಇಲ್ಲಿಂದಲೇ, ಒಳಗೆ ಬರುತ್ತದೆ. ನಂಬಿಕೆಯಾಗದಿದ್ದರೆ ಗಾಳಿ ಬೀಸುವ ಚಳಿಯ ದಿನ ಒಂದು ಊದುಬತ್ತಿ ಹಚ್ಚಿ ಆ ಅಂಚಿನುದ್ದಕ್ಕೂ ಹಿಡಿದುಕೊಂಡು ಹೋಗಿ. ಹೊಗೆ ಎಲ್ಲಿ ಅಡ್ಡಕ್ಕೆ ಹಾರುತ್ತದೋ ಅಲ್ಲಿ ಸೋರಿಕೆ. ನನ್ನ ಬಳಿ ಇದಕ್ಕೆಂದೇ ದುಬಾರಿ ಉಪಕರಣಗಳಿವೆ, ಆದರೂ ನಮ್ಮವರ ಮನೆಗೆ ಹೋದಾಗ ದೇವರ ಕೋಣೆಯಿಂದ ಒಂದು ಕಡ್ಡಿ ಕೇಳಿ ಪಡೆಯುತ್ತೇನೆ. ತೊಲೆಗಳ ನಡುವಿನ ಪ್ರತಿ ಗೂಡಿಗೂ ಎರಡು ಇಂಚು ಫೋಮ್ ಹಲಗೆ ಅಳತೆಗೆ ಕತ್ತರಿಸಿ ಕೂರಿಸಿ, ಸುತ್ತ ಡಬ್ಬಿ ಫೋಮ್ ಹೊಡೆಯಿರಿ. ವಾರಾಂತ್ಯದ ಕೆಲಸ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ನಿಮ್ಮ ವಾಟರ್ ಹೀಟರ್ ಹಳೆಯ ಬಗೆಯದಾಗಿ, ಹೊಗೆ ತಾನಾಗಿ ಚಿಮಣಿಯಲ್ಲಿ ಏರುವಂಥದ್ದಾದರೆ, ಮನೆ ಬಿಗಿಯಾದ ಮೇಲೆ ಆ ಹೊಗೆ ಹಿಂದಕ್ಕೆ ಕೋಣೆಗೆ ತಿರುಗಬಹುದು. ಸೋರಿಕೆ ಮುಚ್ಚಿದ ಮೇಲೆ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ, ಪ್ರತಿ ಮಹಡಿಗೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ.

ಲೆಕ್ಕಪರಿಶೋಧಕರಾದ ನಿಮಗೆ ಗೊತ್ತಿರಬಹುದು, ಉಳಿದವರಿಗಾಗಿ: ಇನ್ಸುಲೇಷನ್‌ಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತಿದ್ದ ಶೇ 30ರ ತೆರಿಗೆ ವಿನಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ನಿಮ್ಮ ಗ್ಯಾಸ್ ಮತ್ತು ವಿದ್ಯುತ್ ಕಂಪನಿಗಳ ರಿಯಾಯಿತಿ ಇದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಹೋದ ಶರತ್ಕಾಲದಲ್ಲಿ ಹೊಸ ಮನೆಗೆ ಬಂದೆವು. ಬಿಲ್ಡರ್ ಬೇಸ್‌ಮೆಂಟ್ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಫೈಬರ್‌ಗ್ಲಾಸ್ ಕಂಬಳಿ ಹೊಡೆದುಕೊಟ್ಟಿದ್ದಾರೆ. ಈಗ ಬೇಸಿಗೆಯಲ್ಲಿ ಆ ಪ್ಲಾಸ್ಟಿಕ್‌ನ ಹಿಂದೆ ನೀರಿನ ಹನಿಗಳು ಕಾಣುತ್ತಿವೆ. ಗೋಡೆ ಸೋರುತ್ತಿದೆಯೇ? ಬಿಲ್ಡರ್ ಮೇಲೆ ದೂರು ಕೊಡಬೇಕೇ?
ಓದುಗರು, ಬ್ರಾಂಪ್ಟನ್, ಒಂಟಾರಿಯೊ

ಉತ್ತರ: ಗಾಬರಿ ಬೇಡ, ಅಸಡ್ಡೆಯೂ ಬೇಡ. ಹೊಸ ಕಾಂಕ್ರೀಟ್‌ನಲ್ಲಿ ಸಿಮೆಂಟಿಗೆ ಬಳಕೆಯಾಗದೆ ಉಳಿದ ನೀರು ಬಹಳ ಇರುತ್ತದೆ. ಅದು ಹೊರಬರಲು ಒಂದೆರಡು ವರ್ಷ ಹಿಡಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ಗೋಡೆಯ ಮೇಲ್ಭಾಗವನ್ನು ಕಾಯಿಸಿದಾಗ ಆ ತೇವ ಆವಿಯಾಗಿ ತಂಪಾದ ಒಳಗಡೆಗೆ ಹೊರಡುತ್ತದೆ, ಪ್ಲಾಸ್ಟಿಕ್‌ಗೆ ತಾಗಿ ಹನಿಯಾಗುತ್ತದೆ. ನಿಮ್ಮ ಕಡೆಯ ಹೊಸ ಬಡಾವಣೆಗಳಲ್ಲಿ ಪ್ರತಿ ಮೊದಲ ಬೇಸಿಗೆಯ ಕಥೆ ಇದು.

ಸೋರಿಕೆಯೋ ಬೆವರೋ ಎಂದು ತಿಳಿಯುವುದು ಹೀಗೆ. ಬೆವರಾದರೆ ಹನಿಗಳು ಗೋಡೆಯ ಉದ್ದಕ್ಕೂ ಹರಡಿರುತ್ತವೆ, ಬಿಸಿಲಿನ ದಿನ ಹೆಚ್ಚಾಗುತ್ತವೆ. ಸೋರಿಕೆಯಾದರೆ ಒಂದೇ ಜಾಗದಲ್ಲಿ, ಮಳೆಯಾದ ಮರುದಿನ, ಅನೇಕ ವೇಳೆ ಕಿಟಕಿಯ ಮೂಲೆಯ ಕೆಳಗೆ ಅಥವಾ ಪೈಪು ಗೋಡೆ ಹೊಗುವ ಕಡೆ ಕಾಣುತ್ತದೆ. ಅನುಮಾನವಿದ್ದ ಕಡೆ ಕಂಬಳಿಯ ಅಂಚನ್ನು ಬಿಚ್ಚಿ ಕಾಂಕ್ರೀಟನ್ನು ಕಣ್ಣಾರೆ ನೋಡಿ, ದಿನಾಂಕ ಬರುವಂತೆ ಫೋಟೊ ತೆಗೆದಿಡಿ. ಬಿರುಕು ಕಂಡರೆ ಬಿಲ್ಡರ್‌ಗೆ ಬರವಣಿಗೆಯಲ್ಲೇ ತಿಳಿಸಿ, ಫೋನಿನಲ್ಲಿ ಅಲ್ಲ; ವಾರಂಟಿಯ ಅವಧಿ ಯಾರಿಗಾಗಿಯೂ ಕಾಯುವುದಿಲ್ಲ.

ಬರಿಯ ಬೆವರಾದರೆ ಡಿಹ್ಯುಮಿಡಿಫೈಯರ್ ಓಡಿಸುತ್ತ ಒಂದೆರಡು ಬೇಸಿಗೆ ಕಾಯಿರಿ. ಆಮೇಲೆ ಕೋಣೆ ಕಟ್ಟುವಾಗ ಈ ಕಂಬಳಿಯನ್ನು ಹಾಗೆಯೇ ಒಳಗೆ ಬಿಟ್ಟು ಅದರ ಮುಂದೆ ಚೌಕಟ್ಟು ನಿಲ್ಲಿಸುವ ಸೋಮಾರಿತನ ಮಾತ್ರ ಬೇಡ. ಬಿಚ್ಚಿ ತೆಗೆಸಿ, ನೇಪರ್‌ವಿಲ್ ಓದುಗರಿಗೆ ಹೇಳಿದ ಕ್ರಮವನ್ನೇ ನಿಮ್ಮ ನಗರಸಭೆಯ ಪರಿವೀಕ್ಷಕರ ಮುಂದಿಡಿ. ಆವಿತಡೆಯ, ಅಂದರೆ ಆ ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಅವರು ಏನು ಕೇಳುತ್ತಾರೆ ಎಂಬುದನ್ನು ಪರವಾನಗಿಯ ಹಂತದಲ್ಲೇ ಕೇಳಿ ಮುಗಿಸಿ.

ಪ್ರಶ್ನೆ: ಬೇಸಿಗೆ ಬಂತೆಂದರೆ ನಮ್ಮ ಬೇಸ್‌ಮೆಂಟ್ ತುಂಬ ಮುಗ್ಗಲು ವಾಸನೆ. ಗಾಳಿಯಾಡಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಕಿಟಕಿ ತೆರೆದಿಡುತ್ತೇನೆ, ವಾಸನೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಲ್ಲಿಟ್ಟ ಸೋನಾ ಮಸೂರಿ ಮೂಟೆಯ ಅಡಿಭಾಗ ಗಟ್ಟಿಕಟ್ಟಿತ್ತು. ದಸರಾ ಗೊಂಬೆಗಳ ಪೆಟ್ಟಿಗೆಯೂ ಅಲ್ಲೇ ಇದೆ.
ಗೃಹಿಣಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ಕಿಟಕಿ ಮುಚ್ಚಿ. ಇವತ್ತೇ.

ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ನನಗೆ ಮುಗ್ಗಲು ವಾಸನೆಯ ಪರಿಚಯ ಚೆನ್ನಾಗಿದೆ. ಮಳೆ ಬಿಟ್ಟ ದಿನ ಬಾಗಿಲು ಕಿಟಕಿ ತೆರೆದು, ಹಾಸಿಗೆ ಬಿಸಿಲಿಗೆ ಹಾಕುವುದು ನಾವೆಲ್ಲ ಕಲಿತ ಪಾಠ. ಅಲ್ಲಿ ಅದು ಸರಿ, ಏಕೆಂದರೆ ಒಳಗೂ ಹೊರಗೂ ಉಷ್ಣತೆ ಹೆಚ್ಚುಕಡಿಮೆ ಒಂದೇ. ನಿಮ್ಮ ಬೇಸ್‌ಮೆಂಟ್ ಹೊರಗಿಗಿಂತ ಏಳೆಂಟು ಡಿಗ್ರಿ ತಂಪು. ಹೊರಗಿನ ಗಾಳಿ 27 ಡಿಗ್ರಿಯಲ್ಲಿ ಶೇ 70 ಆರ್ದ್ರತೆ ಹೊತ್ತು ಕಿಟಕಿಯಿಂದ ಇಳಿಯುತ್ತದೆ ಎಂದುಕೊಳ್ಳಿ. ಅದು 21 ಡಿಗ್ರಿಗೆ ತಣಿಯುವಷ್ಟರಲ್ಲಿ ಆರ್ದ್ರತೆ ಶೇ 100 ಮುಟ್ಟಿರುತ್ತದೆ. ಅದಕ್ಕಿಂತ ತಂಪಾದದ್ದು ಏನು ಸಿಕ್ಕರೂ, ಗೋಡೆ, ನೆಲ, ತಣ್ಣೀರಿನ ಪೈಪು, ಅಕ್ಕಿ ಮೂಟೆಯ ತಳ, ಎಲ್ಲದರ ಮೇಲೂ ನೀರು ಬಿಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ನೀವು ಕೆಳಗೆ ತರುತ್ತಿರುವುದು ನೀರನ್ನೇ.

ಡಿಹ್ಯುಮಿಡಿಫೈಯರ್ ಕೊಂಡು ಶೇ 50ಕ್ಕೆ ಇಡಿ. ಬಕೆಟ್ ಇರುವುದನ್ನು ಬಿಟ್ಟು, ಮೆದುಪೈಪು ಸೇರಿಸಿ ನೆಲದ ಮೋರಿಗೋ ಸಂಪ್ ಗುಂಡಿಗೋ ನೀರು ಬಿಡುವ ವ್ಯವಸ್ಥೆ ಮಾಡಿ. ಬಕೆಟ್ ಖಾಲಿ ಮಾಡುವ ಉತ್ಸಾಹ ಯಾವ ಮನೆಯಲ್ಲೂ ಜುಲೈ ದಾಟಿ ಉಳಿದದ್ದನ್ನು ನಾನು ಕಂಡಿಲ್ಲ. ಹತ್ತು ಹದಿನೈದು ಡಾಲರ್‌ನ ಆರ್ದ್ರತಾಮಾಪಕವೊಂದನ್ನು ಯಂತ್ರದಿಂದ ದೂರ, ಎದುರಿನ ಮೂಲೆಯಲ್ಲಿಟ್ಟು ಅದನ್ನು ನಂಬಿ. ಯಂತ್ರ ತನ್ನ ಬಗ್ಗೆ ತಾನೇ ಹೇಳುವುದನ್ನು ಅಷ್ಟಾಗಿ ನಂಬಬೇಕಿಲ್ಲ.

ಅಕ್ಕಿ, ರಾಗಿ ಹಿಟ್ಟು ಯಾವುದನ್ನೂ ನೆಲಕ್ಕೆ ತಾಗಿಸಿ ಇಡಬೇಡಿ. ಕಪಾಟಿನ ಹಲಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳಾದರೂ ಈಚೆಗೆ, ಗಾಳಿಯಾಡದ ಡಬ್ಬದಲ್ಲಿರಲಿ. ಗಟ್ಟಿಕಟ್ಟಿದ ಅಕ್ಕಿಯನ್ನು ತೊಳೆದು ಬಳಸೋಣ ಎಂದು ಯೋಚಿಸಬೇಡಿ, ಬೂಷ್ಟಿನ ವಿಷ ತೊಳೆದರೆ ಹೋಗುವುದಿಲ್ಲ. ಗೊಂಬೆಗಳನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಗೆ ಹಾಕಿ, ಬೇಸ್‌ಮೆಂಟ್ ಒಣಗಿದ ಮೇಲೆ. ಪಟ್ಟದ ಗೊಂಬೆಗಳಂತೂ ಮಹಡಿಯ ಕಪಾಟಿಗೆ ಹೋಗಲಿ. ಮರ, ಬಣ್ಣ, ರೇಷ್ಮೆ ಮೂರೂ ಇರುವ ವಸ್ತುವನ್ನು ಅಲ್ಲಿಡುವ ಧೈರ್ಯ ನನಗಿಲ್ಲ.

ಪ್ರಶ್ನೆ: ಅಮ್ಮ ಅಪ್ಪ ಅಕ್ಟೋಬರ್‌ನಲ್ಲಿ ಹಾಸನದಿಂದ ಬರುತ್ತಿದ್ದಾರೆ, ಆರು ತಿಂಗಳು ಇರುತ್ತಾರೆ. ಬೇಸ್‌ಮೆಂಟ್‌ನ ಕೋಣೆ ಅವರಿಗೆ. ಕಳೆದ ಸಲ ಥರ್ಮೋಸ್ಟಾಟ್ 70 ಡಿಗ್ರಿ ಫ್ಯಾರನ್‌ಹೀಟ್ (21 ಸೆಲ್ಸಿಯಸ್) ತೋರಿಸಿದರೂ ಅಮ್ಮ ಥಂಡಿ ಥಂಡಿ ಎನ್ನುತ್ತಲೇ ಇದ್ದರು. ಕಾಲಿಗೆ ಕಾಲುಚೀಲ, ಮೈಗೆ ಎರಡು ಸ್ವೆಟರ್. ನೆಲಕ್ಕೆ ದಪ್ಪ ಕಾರ್ಪೆಟ್ ಹಾಕಿಸಿದರೆ ಸಾಕೇ?
ಓದುಗರು, ಆನ್ ಆರ್ಬರ್, ಮಿಷಿಗನ್

ಉತ್ತರ: ನಿಮ್ಮ ಅಮ್ಮ ಹೇಳಿದ್ದೇ ಸರಿ, ಥರ್ಮೋಸ್ಟಾಟ್ ಹೇಳಿದ್ದು ಅರ್ಧ ಮಾತ್ರ. ಅದು ಅಳೆಯುವುದು ಗಾಳಿಯನ್ನು. ಮೈ ಚರ್ಮ ತನ್ನ ಶಾಖವನ್ನು ಸುತ್ತಲಿನ ತಣ್ಣನೆಯ ಗೋಡೆಗೂ ನೆಲಕ್ಕೂ ನೇರವಾಗಿ ಸೂಸುತ್ತಿರುತ್ತದೆ, ನಡುವಿನ ಗಾಳಿ ಎಷ್ಟೇ ಬೆಚ್ಚಗಿರಲಿ. ಸುತ್ತಲೂ 14, 15 ಡಿಗ್ರಿಯ ಗೋಡೆಗಳಿದ್ದರೆ 21 ಡಿಗ್ರಿಯ ಗಾಳಿಯಲ್ಲೂ ವಯಸ್ಸಾದವರಿಗೆ ನಡುಕ ಬರುತ್ತದೆ. ಥರ್ಮೋಸ್ಟಾಟ್ ಏರಿಸಿದರೆ ಮೇಲಿನ ಮಹಡಿ ಬೆವರುತ್ತದೆ, ಕೆಳಗೆ ಥಂಡಿ ಹಾಗೆಯೇ ಇರುತ್ತದೆ. ಗೋಡೆಗೆ ಇನ್ಸುಲೇಷನ್ ಹಾಕಿದ ಮರುದಿನವೇ ಗೊತ್ತಾಗುವ ವ್ಯತ್ಯಾಸ ಇದು. ಬಿಲ್ಲಿನ ವ್ಯತ್ಯಾಸ ತಿಂಗಳ ಕೊನೆಗೆ ಬರುತ್ತದೆ.

ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಕಾರ್ಪೆಟ್ ಬೇಡ. ಅದರ ತಳ ತೇವ ಹೀರುತ್ತದೆ, ಮೇಲೆ ಕಾಣುವುದಿಲ್ಲ, ಮೂಗಿಗೆ ಮಾತ್ರ ತಿಳಿಯುತ್ತದೆ. ಒಂದು ಇಂಚು ಎಕ್ಸ್‌ಪಿಎಸ್ ಹಾಸಿ, ಟೇಪ್ ಹಚ್ಚಿ, ಅದರ ಮೇಲೆ ಪ್ಲೈವುಡ್, ಆಮೇಲೆ ನಿಮಗೆ ಬೇಕಾದ ನೆಲಹಾಸು. ತೆಗೆದು ಒಗೆಯಬಹುದಾದ ಜಮಖಾನೆ ಮೇಲಿರಲಿ. ಒಟ್ಟು ಎರಡು ಇಂಚು ಎತ್ತರ ಹೋಗುತ್ತದೆ. ನೆಲದಿಂದ ಒಳಛಾವಣಿಯ ಎತ್ತರ ಏಳಡಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಇನ್ನೊಂದು ಸಂಗತಿಯನ್ನು ಗುತ್ತಿಗೆದಾರರು ಮರೆಯುತ್ತಾರೆ: ನೆಲ ಎರಡು ಇಂಚು ಏರಿದರೆ ಮೆಟ್ಟಿಲ ಕೊನೆಯ ಹಂತ ಅಷ್ಟು ಗಿಡ್ಡವಾಗುತ್ತದೆ. ಕಾಲು ಎಲ್ಲ ಮೆಟ್ಟಿಲೂ ಒಂದೇ ಎತ್ತರ ಎಂದು ಎಣಿಸಿ ಇಳಿಯುತ್ತದೆ. ಅಪ್ಪ ಅಮ್ಮ ಎಡವುವುದು ಅಲ್ಲಿಯೇ. ಮೆಟ್ಟಿಲನ್ನೂ ಹೊಂದಿಸಿ ಕೊಡಬೇಕು ಎಂದು ಕರಾರಿನಲ್ಲಿ ಬರೆಸಿ.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ನಿಮ್ಮ ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಆ ಕೋಣೆಗೆ ಹೊರಗೆ ಹತ್ತಿ ಹೋಗಬಹುದಾದ ಕಿಟಕಿ ಇದೆಯೇ? ಮಲಗುವ ಕೋಣೆಯಾದರೆ ತೆರೆದಾಗ 5.7 ಚದರಡಿ ಜಾಗ, 20 ಇಂಚು ಅಗಲ, 24 ಇಂಚು ಎತ್ತರ ಸಿಗಬೇಕು, ಕಿಟಕಿಯ ತಳ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಮೆಟ್ಟಿಲ ಬಳಿ ಬೆಂಕಿ ಹತ್ತಿದರೆ ಅವರಿಗೆ ಇರುವ ದಾರಿ ಅದೊಂದೇ. ಅದಿಲ್ಲದಿದ್ದರೆ ಈ ಚಳಿಗಾಲ ಅವರಿಗೆ ನಿಮ್ಮ ಕೋಣೆ ಬಿಟ್ಟುಕೊಟ್ಟು ನೀವು ಹಾಲ್‌ನಲ್ಲಿ ಮಲಗಿ, ವಸಂತದಲ್ಲಿ ಪರವಾನಗಿ ಪಡೆದು ಕಿಟಕಿ ಕೊರೆಸಿ.

ಪ್ರಶ್ನೆ: ಬೇಸ್‌ಮೆಂಟ್ ಮುಗಿಸುವ ಮುನ್ನ ರೇಡಾನ್ ಪರೀಕ್ಷೆ ಮಾಡಿಸು ಎಂದು ಸಹೋದ್ಯೋಗಿ ಹೇಳಿದರು. ಇದು ಹೆದರಿಸಿ ಮಾರುವ ವ್ಯಾಪಾರವೇ?
ಓದುಗರು, ಡಿ ಮೊಯಿನ್, ಅಯೋವಾ

ಉತ್ತರ: ವ್ಯಾಪಾರವಲ್ಲ. ಮಣ್ಣಿನ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ಈ ಅನಿಲಕ್ಕೆ ಬಣ್ಣ ವಾಸನೆ ಎರಡೂ ಇಲ್ಲ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಎರಡನೆಯ ದೊಡ್ಡ ಕಾರಣ ಇದೇ. ನಿಮ್ಮ ರಾಜ್ಯದ 99 ಕೌಂಟಿಗಳನ್ನೂ ಪರಿಸರ ಸಂರಕ್ಷಣಾ ಸಂಸ್ಥೆ ಅತಿ ಹೆಚ್ಚು ಸಾಧ್ಯತೆಯ ವಲಯದಲ್ಲಿ ಸೇರಿಸಿದೆ. ಕಿಟಕಿ ಮುಚ್ಚಿರುವ ಕಾಲದಲ್ಲಿ ಪರೀಕ್ಷಾ ಕಿಟ್ ಇಡಿ. ಲೀಟರಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೆಲದಡಿಯಿಂದ ಗಾಳಿಯನ್ನು ಹೀರಿ ಮಾಡಿನ ಮೇಲೆ ಬಿಡುವ ಪೈಪು ಮತ್ತು ಫ್ಯಾನ್ ಹಾಕಿಸಬೇಕು. ನೆಲಹಾಸು ಹಾಕುವ ಮುನ್ನ ಇದು ಸುಲಭ, ಹಾಕಿದ ಮೇಲೆ ಹೊಟ್ಟೆಯುರಿ. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಕೆನಡಾದ ಓದುಗರಿಗೆ ಮಿತಿ ಘನ ಮೀಟರಿಗೆ 200 ಬೆಕೆರೆಲ್.

ಪ್ರಶ್ನೆ: ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ನೆಲಮಾಳಿಗೆಯಲ್ಲಿ ಹೋಂ ಥಿಯೇಟರ್. ಅಮೆರಿಕದಲ್ಲಿರುವ ತಮ್ಮ ಗೋಡೆಗಳಿಗೆ ಫೋಮ್ ಹಾಕಿಸಲು ಹೇಳುತ್ತಿದ್ದಾನೆ. ಬೇಕೇ?
ಓದುಗರು, ರಾಜರಾಜೇಶ್ವರಿ ನಗರ, ಬೆಂಗಳೂರು

ಉತ್ತರ: ತಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಫೋಮ್ ಬಿಡಿ. ಬೆಂಗಳೂರಿನ ವರ್ಷದ ಸರಾಸರಿ ಉಷ್ಣತೆ 24 ಡಿಗ್ರಿಯ ಆಸುಪಾಸು, ಆಳದ ಮಣ್ಣೂ ಹಾಗೆಯೇ. ಯಾವ ಶಾಖವನ್ನು ಯಾರಿಂದ ಉಳಿಸುತ್ತೀರಿ? ನಿಮ್ಮ ಶತ್ರು ನೀರು. ಗೋಡೆ ಏರಿ ಮಣ್ಣು ತುಂಬುವ ಮುಂಚೆಯೇ ಹೊರಬದಿಗೆ ಜಲನಿರೋಧಕ ಪದರ, ಬುಡದಲ್ಲಿ ನೀರು ಹರಿದುಹೋಗಲು ಜಲ್ಲಿ ಮತ್ತು ಪೈಪು, ಮಳೆನೀರು ರಸ್ತೆಯಿಂದ ರ‍್ಯಾಂಪ್ ಇಳಿದು ಬರದಂತೆ ಬಾಗಿಲಲ್ಲಿ ಒಂದು ದಿಬ್ಬ ಮತ್ತು ಅಡ್ಡ ಮೋರಿ. ಮಣ್ಣು ತುಂಬಿದ ಮೇಲೆ ಒಳಗಿನಿಂದ ಮಾಡುವ ಯಾವ ಲೇಪನವೂ ಹೊರಗಿನದಕ್ಕೆ ಸಮವಲ್ಲ. ಇನ್ಸುಲೇಷನ್‌ಗೆಂದು ಎತ್ತಿಟ್ಟ ದುಡ್ಡು ಇದ್ದರೆ ತಾರಸಿಗೆ ಹಾಕಿ. ಏಪ್ರಿಲ್ ಬಿಸಿಲು ನಿಮ್ಮ ಮನೆಗೆ ಇಳಿಯುವುದು ಮೇಲಿನಿಂದ. ಥಿಯೇಟರ್‌ನ ಸದ್ದು ಅಡಗಿಸಲು ಗೋಡೆಗೆ ಹಚ್ಚುವ ಮೆತ್ತೆ ಬೇರೆ ವಿಷಯ, ಅದನ್ನು ಒಣ ಗೋಡೆಗೆ ಮಾತ್ರ ಹಚ್ಚಿ.

ಪ್ರಶ್ನೆ: ಎರಡು ಕೋಟ್ ಬಳಿದರೆ ಇನ್ಸುಲೇಷನ್‌ನಷ್ಟೇ ಕೆಲಸ ಮಾಡುತ್ತದೆ ಎನ್ನುವ ಪೇಂಟ್ ಬಂದಿದೆಯಂತೆ. ಬೇಸ್‌ಮೆಂಟ್ ಗೋಡೆಗೆ ಬಳಿಯಬಹುದೇ?
ಓದುಗರು, ರಾಚೆಸ್ಟರ್, ನ್ಯೂಯಾರ್ಕ್

ಉತ್ತರ: ಬಣ್ಣ ಇಷ್ಟವಾದರೆ ಬಳಿಯಿರಿ. ಕೂದಲೆಳೆ ದಪ್ಪದ ಪದರ ಎರಡು ಇಂಚು ಫೋಮ್‌ನ ಕೆಲಸ ಮಾಡುವುದಿಲ್ಲ, ಮತ್ತು ಆ ಡಬ್ಬಿಯ ಮೇಲೆ ಆರ್-ಮೌಲ್ಯ ಎಷ್ಟು ಎಂದು ಅಚ್ಚಾಗಿದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ.